ಶರತ್ಕಾಲದ ಹಿತ್ತಿಲು: ಕೊಯ್ಲು, ಕೀಟ ಮತ್ತು ಔಷಧಿಯ ಡಬ್ಬಿ

(ನಮ್ಮ ಕೂಟದ ಶರತ್ಕಾಲದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ವೈದ್ಯರನ್ನು ಕರೆದರೆ ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತನಾಡುವುದು ವಾಡಿಕೆ. ಸಮಿತಿಯವರು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟದ್ದರಿಂದ ನಾವು ಹಿತ್ತಿಲನ್ನು ಆರಿಸಿಕೊಂಡೆವು. ಅದಕ್ಕೆ ಕಾರಣವುಂಟು. ಸೆಪ್ಟೆಂಬರ್ ಕಳೆಯುತ್ತ ಬಂದಂತೆ ಈ ಮಿಷಿಗನ್ನಿನ ಕನ್ನಡ ಮನೆಗಳಿಂದ ನಮಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದು: "ಡಾಕ್ಟರೇ, ನಿನ್ನೆ ಗಿಡಕ್ಕೆ ಔಷಧಿ ಹೊಡೆದೆವು. ಇವತ್ತು ಬದನೆಕಾಯಿ ಕಿತ್ತು ಹುಳಿ ಮಾಡಬಹುದೇ?"

ಈ ಪ್ರಶ್ನೆ ಬೇಸಿಗೆಗಿಂತ ಶರತ್ಕಾಲದಲ್ಲಿಯೇ ಹೆಚ್ಚು ಏಳುವುದೇಕೆಂದು ಮೊದಲು ನೋಡೋಣ. ಡೆಟ್ರಾಯಿಟ್ ಸುತ್ತಮುತ್ತ ಮೊದಲ ಫ್ರಾಸ್ಟ್ ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ ಬೀಳುತ್ತದೆ. ಬೆಂಡೆ, ಬದನೆ, ಹೀರೆ, ಹಾಗಲಗಳು ಉಷ್ಣದೇಶದ ಸಂತಾನ. ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸೊರಗುತ್ತವೆ, 32ಕ್ಕೆ ಇಳಿದರೆ ಒಂದೇ ರಾತ್ರಿಯಲ್ಲಿ ಕರಿಯ ಚಿಂದಿಯಾಗುತ್ತವೆ. ಆದುದರಿಂದ ಹುಳುಗಳಿಗೆ ಒಂದು ಕಾಯನ್ನೂ ಬಿಡಬಾರದೆಂಬ ಆತುರ ನಮ್ಮವರಲ್ಲಿ ಹುಟ್ಟುತ್ತದೆ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಇರಬೇಕಾದ ಅಂತರ ಈ ಆತುರದಲ್ಲಿಯೇ ಕುಗ್ಗಿಹೋಗುವುದು.

ಆತುರಕ್ಕೆ ನಿಜವಾಗಿ ಅಷ್ಟು ಕಾರಣವಿಲ್ಲ. ಮೆಂತ್ಯ, ಕೊತ್ತಂಬರಿ, ಮೂಲಂಗಿ, ಎಲೆಕೋಸುಗಳು ಹಗುರವಾದ ಫ್ರಾಸ್ಟನ್ನು ತಾಳಿಕೊಳ್ಳುತ್ತವೆ. ಬಲಿತ ಹಸಿರು ಟೊಮೇಟೊ ಹಣ್ಣಾಗಲು ಬಿಸಿಲು ಬೇಡ, 60ರಿಂದ 70 ಡಿಗ್ರಿಯ ಮೂಲೆಯೊಂದು ಸಾಕು. ಕಾಗದದ ಚೀಲದಲ್ಲಿ ಜೊತೆಗೊಂದು ಬಾಳೆಹಣ್ಣನ್ನಿಟ್ಟರೆ ಅದರಿಂದ ಹೊರಡುವ ಎಥಿಲೀನ್ ಅನಿಲ ಕೆಲಸವನ್ನು ಬೇಗ ಮುಗಿಸುತ್ತದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದ ನಮ್ಮ ಅಜ್ಜಿಯಂದಿರು ಅನಿಲದ ಹೆಸರನ್ನು ಕೇಳದೆಯೇ ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಕುಂಬಳಕಾಯಿಯನ್ನು ತೊಟ್ಟು ಉಳಿಸಿ ಕೊಯ್ದು, ಹತ್ತು ದಿನ ಬೆಚ್ಚಗೆ ಗಾಳಿಯಾಡುವೆಡೆ ಇಟ್ಟು, ಆಮೇಲೆ ತಂಪಾದ ಒಣ ಬೇಸ್‌ಮೆಂಟಿಗೆ ಸಾಗಿಸಿದರೆ ಸಂಕ್ರಾಂತಿಯವರೆಗೂ ಕೆಡದು.

ಅವರೆಯದು ಮಾತ್ರ ದುಃಖದ ಕಥೆ. ನಮ್ಮ ನಾಟಿ ಅವರೆ ಹಗಲು ಕಿರಿದಾದ ಮೇಲೆ ಹೂಬಿಡುವ ಜಾತಿ. ಊರಿನಲ್ಲಿ ಅದು ಧನುರ್ಮಾಸದ ಚಳಿಯ ಬೆಳೆ. ಇಲ್ಲಿ ಬೇಸಿಗೆಯ ಹಗಲು ಹದಿನೈದು ಗಂಟೆ. ಬಳ್ಳಿ ಬೇಲಿಯನ್ನೆಲ್ಲ ಮುಚ್ಚಿ, ಹೂವಿಗೆ ಮನಸ್ಸು ಮಾಡುವ ವೇಳೆಗೆ ಫ್ರಾಸ್ಟ್ ಬಂದು ನಿಂತಿರುತ್ತದೆ. ಇದನ್ನು ಕೀಟದ ಬಾಧೆಯೆಂದು ತಿಳಿದು ಔಷಧಿ ಹೊಡೆಯುವವರನ್ನು ನಾವು ಕಂಡಿದ್ದೇವೆ! ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟಿದ್ದಾರೆ. ಈ ದೇಶದ ಬೀಜ ಆಮದಿನ ನಿಯಮದಂತೆ ತರಿಸಿಕೊಂಡರೆ ನಮ್ಮ ಬೇಲಿಗೆ ಅವೇ ತಕ್ಕವು.

ಇನ್ನು ಕೀಟಗಳು. ಗಿಡ ಸತ್ತೊಡನೆ ಕೀಟವೂ ಸತ್ತಿತೆಂದು ಭಾವಿಸುವುದು ಸರಿಯಲ್ಲ. ಕುಂಬಳದ ಕಾಂಡವನ್ನು ಕೊರೆಯುವ ಹುಳು ಶರತ್ಕಾಲದಲ್ಲಿ ಕಾಂಡವನ್ನು ಬಿಟ್ಟು, ಮಣ್ಣಿನಲ್ಲಿ ಒಂದೆರಡು ಅಂಗುಲ ಕೆಳಗೆ ಗೂಡು ಕಟ್ಟಿ ಚಳಿಗಾಲವನ್ನು ಕಳೆದು, ಬೇಸಿಗೆಯಲ್ಲಿ ಪತಂಗವಾಗಿ ಮೇಲೇಳುತ್ತದೆ. ಟೊಮೇಟೊವಿನ ಕೊಂಬುಹುಳುವೂ ಹಾಗೆಯೇ ಮಣ್ಣೊಳಗೆ ಕೋಶವಾಗುತ್ತದೆ. ಕುಂಬಳದ ತಿಗಣೆ ಒಣಗಿದ ಬಳ್ಳಿಯ ರಾಶಿಯಡಿಯಲ್ಲಿ ಅಡಗುತ್ತದೆ. ಅಕ್ಟೋಬರಿನಲ್ಲಿ ಗಿಡದ ಮೇಲೆ ಚೆಲ್ಲುವ ಔಷಧಿ ಇವುಗಳಲ್ಲಿ ಬಹುಪಾಲನ್ನು ಮುಟ್ಟುವುದೇ ಇಲ್ಲ. ಕೊಯ್ಲು ಮುಗಿದ ದಿನವೇ ಬಳ್ಳಿಯನ್ನು ಬೇರುಸಹಿತ ಕಿತ್ತು ಹೊರಗೆ ಸಾಗಿಸಿ, ಮಣ್ಣನ್ನು ಮೇಲುಮೇಲಾಗಿ ಅಗೆದು, ಗೂಡುಗಳನ್ನು ಹಕ್ಕಿಗೂ ಚಳಿಗೂ ಒಡ್ಡಿ, ಮರುವರ್ಷ ಕುಂಬಳವನ್ನು ಬೇರೆಡೆ ಹಾಕುವುದು ಔಷಧಿಗಿಂತ ಹೆಚ್ಚು ಫಲಕಾರಿ. ಕೊಂಬುಹುಳುವಿನ ಬೆನ್ನಮೇಲೆ ಅಕ್ಕಿಕಾಳಿನಂತಹ ಬಿಳಿಯ ಗೂಡುಗಳು ಕಂಡರೆ ಅದನ್ನು ಕೊಲ್ಲದೆ ಬಿಡಿ. ಅವು ಒಂದು ಪುಟ್ಟ ಕಣಜದ ಮರಿಗಳು. ಹುಳು ಹೇಗೂ ಸಾಯುತ್ತದೆ, ಕಣಜಗಳು ಹಾರಿ ಬೇರೆ ಹುಳುಗಳನ್ನು ಹುಡುಕುತ್ತವೆ.

ಔಷಧಿಯ ಡಬ್ಬಿಯ ವಿಷಯದಲ್ಲಿ ನಮ್ಮ ಮಾತು ತುಸು ಕಟುವಾದರೆ ಕ್ಷಮಿಸಬೇಕು. ಕರ್ನಾಟಕದಲ್ಲಿ ಹೌಸ್ ಸರ್ಜನ್ ಆಗಿ ದುಡಿದ ನಮ್ಮ ತಲೆಮಾರಿನ ವೈದ್ಯರಾರೂ ಕೀಟನಾಶಕದ ರೋಗಿಗಳನ್ನು ಮರೆತಿರಲಾರರು: ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಬಾಯಿಂದ ಹರಿಯುವ ಜೊಲ್ಲು, ನಿಧಾನವಾಗುವ ನಾಡಿ, ರಾತ್ರಿಯಿಡೀ ಕೈಯಲ್ಲಿ ಅಟ್ರೋಪಿನ್. ನರಗಳ ಸಂದೇಶವನ್ನು ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಆ ವಿಷಗಳು ಕಟ್ಟಿಹಾಕುತ್ತವೆ. ಇಲ್ಲಿಯ ಹಿತ್ತಿಲುಗಳಲ್ಲಿ ಬಹುಕಾಲ ಮೆರೆದ ಕಾರ್ಬರಿಲ್ ಪುಡಿ ಅದೇ ಕಿಣ್ವವನ್ನು ತಡೆಯುವುದು, ಆದರೆ ಅದರ ಹಿಡಿತ ಬೇಗ ಸಡಿಲುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಅನಿಲವನ್ನು ಆ ಕಾರ್ಖಾನೆ ಬಳಸುತ್ತಿದ್ದುದು ಈ ಕಾರ್ಬರಿಲ್ಲನ್ನು ತಯಾರಿಸಲೆಂದೇ.

ಬದನೆಕಾಯಿಯ ಪ್ರಶ್ನೆಗೆ ಉತ್ತರ ಡಬ್ಬಿಯ ಚೀಟಿಯಲ್ಲಿಯೇ ಇದೆ. ಪ್ರತಿ ಬೆಳೆಯ ಮುಂದೆ, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕೊಯ್ಯಬೇಕೆಂದು ಅಚ್ಚಾಗಿರುತ್ತದೆ. ಹಿತ್ತಿಲಿಗೆಂದು ಮಾರುತ್ತಿದ್ದ ಕಾರ್ಬರಿಲ್ ಡಬ್ಬಿಗಳಲ್ಲಿ ಬದನೆ, ಟೊಮೇಟೊಗಳಿಗೆ 3 ದಿನವಾದರೆ ಹಲವು ಸೊಪ್ಪುಗಳಿಗೆ 14 ದಿನ. ಚೀಟಿಯಲ್ಲಿ ಸೇರದ ಬೆಳೆಗೆ ಆ ಔಷಧಿಯನ್ನು ಹಾಕುವುದು ಈ ದೇಶದ ಕಾನೂನಿಗೆ ವಿರುದ್ಧ. ದಂಟು, ಮೆಂತ್ಯ ಬೆಳೆಯುವ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ನೆನಪನ್ನು ನೆಚ್ಚುವಂತೆಯೂ ಇಲ್ಲ. ಸೆವಿನ್ ಎಂಬ ಹೆಸರಿನಲ್ಲಿ ಹಿಂದೆ ದೊರೆಯುತ್ತಿದ್ದುದು ಕಾರ್ಬರಿಲ್. ಈಗ ಹಿತ್ತಿಲಿಗೆಂದು ಅದೇ ಹೆಸರಿನಲ್ಲಿ ಬರುವುದು ಜೀಟಾ-ಸೈಪರ್‌ಮೆಥ್ರಿನ್ ಎಂಬ ಬೇರೆಯೇ ರಾಸಾಯನಿಕ. ಊರಿನಿಂದ ಬಂದ ತಂದೆತಾಯಿಯರು ಇಂಗ್ಲಿಷ್ ಚೀಟಿಯನ್ನು ಓದಲಾರದೆ ಸಂಜೆ ಸೊಪ್ಪು ಬಿಡಿಸಿ ತರುವುದುಂಟು. ಸಿಂಪಡಿಸಿದ ದಿನ, ಕೊಯ್ಯಬಹುದಾದ ದಿನ, ಎರಡನ್ನೂ ಕನ್ನಡದಲ್ಲಿ ಬರೆದು ಅಡಿಗೆಮನೆಯ ಫ್ರಿಜ್ಜಿಗೆ ಅಂಟಿಸಿ. ಡಬ್ಬಿಯಿಂದ ಸೋಡಾ ಬಾಟಲಿಗೆ ಔಷಧಿಯನ್ನು ಎಂದಿಗೂ ಸುರಿದಿಡಬೇಡಿ. ಮಗುವಿನ ಬಾಯಿಗೆ ಹೋಗಿದೆಯೆಂಬ ಅನುಮಾನ ಬಂದರೆ ವಿಷ ಚಿಕಿತ್ಸಾ ಕೇಂದ್ರದ 1-800-222-1222ಕ್ಕೆ ಫೋನ್ ಮಾಡಿ. ಮಗು ಎಚ್ಚರ ತಪ್ಪಿದ್ದರೆ ಅಥವಾ ಉಸಿರಾಟ ಕಷ್ಟವಾಗಿದ್ದರೆ ನೇರವಾಗಿ 911.

ಕಡೆಯದಾಗಿ ಕರಿಬೇವು. ರಾತ್ರಿ 50 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಕುಂಡವನ್ನು ಒಳಗೆ ತರುತ್ತೇವೆ, ಅದರೊಡನೆ ಶಲ್ಕಕೀಟ, ನುಸಿಗಳೂ ಬರುತ್ತವೆ. ಈ ಎಲೆ ನೇರವಾಗಿ ಒಗ್ಗರಣೆಗೆ ಬೀಳುವುದರಿಂದ ನಾವು ನಮ್ಮ ಮನೆಯ ಗಿಡಕ್ಕೆ ಔಷಧಿ ಹಾಕುವುದಿಲ್ಲ. ಎಲೆಯ ಅಡಿಭಾಗವನ್ನು ನೀರಿನ ಧಾರೆಯಿಂದ ತೊಳೆದು, ಅಂಟಿಕೊಂಡ ಶಲ್ಕಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಎರಡು ವಾರ ಇತರ ಕುಂಡಗಳಿಂದ ದೂರವಿಡುತ್ತೇವೆ. ಫ್ಲಾರಿಡಾದ ನಂಟರಿಂದ ಸಸಿ ತರುವ, ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಹಸಿ ಎಲೆ ತರುವ ಆಸೆ ಎಲ್ಲರಿಗೂ ಇದೆ. ಅದು ಬೇಡ. ಎಳ್ಳುಕಾಳಿನಷ್ಟಿರುವ ಸಿಲ್ಲಿಡ್ ಎಂಬ ಕೀಟ ಕರಿಬೇವಿನ ಮೇಲೆ ಬದುಕಿ ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗವನ್ನು ಹರಡುತ್ತದೆ. ಫ್ಲಾರಿಡಾದಲ್ಲಿ ಕೀಟ ಕಾಣಿಸಿದ್ದು 1998ರಲ್ಲಿ, ರೋಗ 2005ರಲ್ಲಿ. ಅಲ್ಲಿಂದೀಚೆಗೆ ಅಲ್ಲಿಯ ಕಿತ್ತಳೆ ತೋಟಗಳು ನೆಲಕಚ್ಚಿವೆ. ಕೊಡಗಿನ ಕಿತ್ತಳೆಯನ್ನು ಸೊರಗಿಸಿದ ಕಾರಣಗಳಲ್ಲಿಯೂ ಇದೇ ರೋಗ ಒಂದು. ಸಸಿ ಬೇಕಾದವರು ನಮ್ಮ ಮನೆಗೆ ಬನ್ನಿ. ನಮ್ಮ ಗಿಡದ ಬುಡದಲ್ಲಿ ಈ ವರ್ಷ ನಾಲ್ಕು ಮರಿಗಳೆದ್ದಿವೆ.