ಊರಿನ ಕಸುಬು, ದೂರದ ಗಿರಾಕಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಅರ್ಥಶಾಸ್ತ್ರ ಓದಿದವನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದರೂ ಈ ದಿನ ವ್ಯಾಪಾರದ ವಿಷಯ ಮಾತಾಡಲು ನಿಂತಿದ್ದೇನೆ. ಅದಕ್ಕೊಂದು ಕಾರಣವಿದೆ.

ಮರದ ಆಟಿಕೆ ಮಾಡುವ ಒಬ್ಬರು ಒಮ್ಮೆ ಮೊಬೈಲ್ ಹಿಡಿದುಕೊಂಡು ನನ್ನ ಬಳಿ ಬಂದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಹೊರದೇಶದ ಗಿರಾಕಿಯೊಬ್ಬರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದರು: "ಮಗು ಇದನ್ನು ಬಾಯಿಗೆ ಹಾಕಿಕೊಂಡರೆ ಬಣ್ಣದಿಂದ ತೊಂದರೆ ಇಲ್ಲವೇ? ಪರೀಕ್ಷೆಯ ವರದಿ ಇದೆಯೇ?" ಇಷ್ಟೇ. ಆದರೆ ಮನೆಯಲ್ಲಿ ಯಾರಿಗೂ ಅದು ಸರಿಯಾಗಿ ಅರ್ಥವಾಗಿರಲಿಲ್ಲ. ನಾಲ್ಕು ದಿನ ಕಳೆದಿತ್ತು. ನಾವು ಉತ್ತರ ಬರೆಯುವ ಹೊತ್ತಿಗೆ ಗಿರಾಕಿ ಬೇರೆ ಕಡೆ ಕೊಂಡಾಗಿತ್ತು. "ಸಾರ್, ಹುಡುಗ ಹತ್ತನೇ ಕ್ಲಾಸ್ ಪಾಸಾಗಿದ್ದಾನಲ್ಲ?" ಎಂದು ಅವರು ಕೇಳಿದರು. ಆ ಪ್ರಶ್ನೆ ಹುಡುಗನಿಗಲ್ಲ, ನನಗೆ ಎಂದು ಅನಿಸಿತು. ಅಂದಿನಿಂದ ಈ ವಿಷಯ ಓದಲು ಶುರುಮಾಡಿದೆ.

ಮೊದಲು ಚನ್ನಪಟ್ಟಣವನ್ನೇ ನೋಡಿ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಗರಿಯಿಂದ ಉಜ್ಜಿ ಹೊಳಪು ಕೊಡುವ ಕಸುಬು ಇದು. ಟಿಪ್ಪು ಸುಲ್ತಾನರ ಕಾಲದಿಂದ ಬಂದದ್ದೆಂದು ಜನ ಹೇಳುತ್ತಾರೆ. ಈ ಆಟಿಕೆಗೂ ನಮ್ಮ ಬೀದರಿನ ಬಿದ್ರಿ ಕೆಲಸಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬಿದ್ರಿ ಕಲಾವಿದರಾದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಹೆಸರಿಗೆ ಕೊರತೆಯಿಲ್ಲ. ಕೊರತೆ ಇರುವುದು ಕೈಗೆ ಸಿಗುವ ಕೂಲಿಯಲ್ಲಿ. ಹೀಗಾಗಿಯೇ ಎಷ್ಟೋ ಮನೆಗಳಲ್ಲಿ ಮಗ ತಂದೆಯ ಕಸುಬು ಬಿಟ್ಟು ಬೇರೆ ದಾರಿ ಹಿಡಿಯುತ್ತಾನೆ.

ಇಂಟರ್‌ನೆಟ್ ಮೂಲಕ ನೇರವಾಗಿ ಹೊರದೇಶದ ಗಿರಾಕಿಗೆ ಮಾರಿದರೆ ಈ ಕೊರತೆ ನೀಗುತ್ತದೆಯೇ? ಒಂದು ಕಲ್ಪಿತ ಲೆಕ್ಕ ಹಾಕೋಣ. ಒಂದು ಸೆಟ್ ಆಟಿಕೆಯನ್ನು ದಲ್ಲಾಳಿಗೆ ಕೊಟ್ಟರೆ 400 ರೂಪಾಯಿ ಸಿಗುತ್ತದೆ ಎನ್ನಿ. ಅದನ್ನೇ ಹೊರದೇಶದವರು 2000 ರೂಪಾಯಿಗೆ ಕೊಳ್ಳುತ್ತಾರೆ. ಇದರಲ್ಲಿ ಅಂಚೆ ವೆಚ್ಚ 800, ಮಾರಾಟ ತಾಣದ ಕಮಿಷನ್ ಮತ್ತು ಹಣ ವರ್ಗಾವಣೆ 300, ಪ್ಯಾಕಿಂಗ್ ಮುಂತಾದ್ದು 200. ಉಳಿಯುವುದು 700. ಅಂದರೆ ಲಾಭ ಐದು ಪಟ್ಟಲ್ಲ. ಆದರೆ 300 ರೂಪಾಯಿ ಹೆಚ್ಚು.

ಈಗ ಐದರಲ್ಲಿ ಒಂದು ಪಾರ್ಸೆಲ್ ಒಡೆದು ಹೋಗಿ, ಗಿರಾಕಿಗೆ ಹಣ ವಾಪಸು ಕೊಡಬೇಕಾಯಿತು ಎನ್ನಿ. ನಾಲ್ಕರಿಂದ 2800 ಬಂತು. ಒಡೆದದ್ದರ ಅಂಚೆ, ಪ್ಯಾಕಿಂಗ್ 1000 ಹೋಯಿತು. ಕೈಯಲ್ಲಿ 1800. ಐದನ್ನೂ ದಲ್ಲಾಳಿಗೇ ಕೊಟ್ಟಿದ್ದರೆ 2000 ಸಿಗುತ್ತಿತ್ತು! ಒಂದು ತಪ್ಪು ಎಲ್ಲ ಲಾಭವನ್ನೂ ನುಂಗಿತು. ಆದುದರಿಂದ ಅಂಗಡಿಯನ್ನು ಮೊಬೈಲಿನಲ್ಲಿ ತೆರೆಯುವುದು ಸುಲಭ, ನಡೆಸುವುದಕ್ಕೆ ವಿದ್ಯೆ ಬೇಕು.

ಸರಿಯಾಗಿ ನಡೆದರೆ ಮಾತ್ರ ಒಬ್ಬನ ಲಾಭ ಊರಿನ ಲಾಭವಾಗುತ್ತದೆ. ಆಟಿಕೆ ಹೆಚ್ಚು ಹೋದರೆ ಮರ ಬೆಳೆಯುವ ರೈತನಿಗೆ, ರಟ್ಟಿನ ಪೆಟ್ಟಿಗೆ ಮಾಡುವವನಿಗೆ, ಫೋಟೋ ತೆಗೆಯುವ ಹುಡುಗನಿಗೆ, ಮನೆಯಲ್ಲಿ ಕೂತು ಬಣ್ಣ ಹಚ್ಚುವ ಹೆಣ್ಣುಮಕ್ಕಳಿಗೆ ಕೆಲಸ ಹುಟ್ಟುತ್ತದೆ. ಹೊರಗಿನ ಹಣ ಊರಿಗೆ ಬಂದು, ಊರಿನಲ್ಲೇ ನಾಲ್ಕು ಕೈ ಬದಲಾಯಿಸುತ್ತದೆ. ಪ್ರಾದೇಶಿಕ ಅಭಿವೃದ್ಧಿ ಎಂಬ ದೊಡ್ಡ ಮಾತಿನ ಅರ್ಥ ಇದೇ.

ಇದಕ್ಕೆ ಚೀನಾ ದೇಶದ ಝೆಜಿಯಾಂಗ್ ಪ್ರಾಂತ್ಯ ಒಳ್ಳೆಯ ಉದಾಹರಣೆ. ಅಲ್ಲಿಯ ಯಿವು ಸಮುದ್ರ ತೀರದ ಊರಲ್ಲ. 1982ರಲ್ಲಿ ಅಲ್ಲಿ ಸಣ್ಣ ಸಾಮಾನುಗಳ ಸಂತೆಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಇಂದು ಅದು ಲೋಕಪ್ರಸಿದ್ಧ ಮಾರುಕಟ್ಟೆ. 2014ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್‌ವರೆಗೆ ಸರಕು ರೈಲು ಹೊರಟಿತು. ಅದೇ ಪ್ರಾಂತ್ಯದ ಹಾಂಗ್‌ಝೌ ನಗರದಲ್ಲಿ 2015ರಲ್ಲಿ ಗಡಿಯಾಚೆಯ ಆನ್‌ಲೈನ್ ವ್ಯಾಪಾರಕ್ಕೆ ದೇಶದ ಮೊದಲ ವಿಶೇಷ ಪ್ರಾಯೋಗಿಕ ವಲಯ ಆರಂಭವಾಯಿತು. ಕಸ್ಟಮ್ಸ್, ತೆರಿಗೆ, ಹಣ ಪಾವತಿ, ಗೋದಾಮು ಇವನ್ನು ಒಂದಕ್ಕೊಂದು ಜೋಡಿಸಲಾಯಿತು. ಆಮೇಲೆ ಇತರ ನಗರಗಳಿಗೂ ಇದು ಹರಡಿತು. ಗಮನಿಸಿ, ಅಲ್ಲಿ ಇಂಟರ್‌ನೆಟ್ ಬರುವ ಮೊದಲೇ ಸಂತೆಯಿತ್ತು, ರಸ್ತೆಯಿತ್ತು, ವ್ಯಾಪಾರದ ಅನುಭವವಿತ್ತು. ಇದ್ದವರಿಗೆ ಇಂಟರ್‌ನೆಟ್ ಇನ್ನಷ್ಟು ಕೊಟ್ಟಿತು. ಇಲ್ಲದ ಊರುಗಳು ಹಿಂದೆ ಉಳಿಯುವ ಅಪಾಯವೂ ಇದರಲ್ಲೇ ಇದೆ.

ನಮ್ಮಲ್ಲೂ ಬಾಗಿಲು ತೆರೆದಿದೆ. ರಫ್ತು ಮಾಡಲು ಬೇಕಾದ ಐಇಸಿ ಸಂಖ್ಯೆಗೆ ಪ್ಯಾನ್ ಕಾರ್ಡ್ ಇಟ್ಟುಕೊಂಡು ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಅಂಚೆ ಇಲಾಖೆ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು 'ಡಾಕ್ ಘರ್ ನಿರ್ಯಾತ್ ಕೇಂದ್ರ'ಗಳನ್ನು ತೆರೆದಿದೆ. 2023ರ ವಿದೇಶ ವ್ಯಾಪಾರ ನೀತಿಯಲ್ಲಿ ಇ-ಕಾಮರ್ಸ್ ರಫ್ತಿಗೆ ಪ್ರತ್ಯೇಕ ಅಧ್ಯಾಯವೇ ಇದೆ.

ಆದರೆ ಎಚ್ಚರವೂ ಬೇಕು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಆ ವಿನಾಯಿತಿ ನಿಂತಿತು. ಅದಕ್ಕೆ ನಾಲ್ಕು ದಿನ ಮೊದಲು ನಮ್ಮ ಅಂಚೆ ಇಲಾಖೆಯೂ ಅಲ್ಲಿಗೆ ಹೋಗುವ ಬಹುಪಾಲು ಪಾರ್ಸೆಲ್‌ಗಳನ್ನು ತೆಗೆದುಕೊಳ್ಳುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರಿನಲ್ಲಿ. ಅಮೆರಿಕವೊಂದನ್ನೇ ನಂಬಿದ ಕುಶಲಕರ್ಮಿಗೆ ಆ ದಿನಗಳು ಹೇಗಿದ್ದಿರಬೇಕು, ನೀವೇ ಯೋಚಿಸಿ. ಮೊಟ್ಟೆಗಳನ್ನೆಲ್ಲ ಒಂದೇ ಕೋಳಿ ಕಾವು ಕೊಡಲಿ ಎಂದರೆ ಆಗುವುದೇ? ಇನ್ನು ಮಕ್ಕಳ ಆಟಿಕೆಗೆ ಅಮೆರಿಕದಲ್ಲಿ ಪ್ರಯೋಗಾಲಯದ ಪರೀಕ್ಷೆ, ಯುರೋಪಿನಲ್ಲಿ ಸಿಇ ಗುರುತು ಕಡ್ಡಾಯ. ಒಂದೊಂದು ಮನೆಯೂ ಪ್ರತ್ಯೇಕವಾಗಿ ಇದರ ಖರ್ಚು ಹೊರಲಾರದು. ಹತ್ತು ಮನೆ ಸೇರಿ ಸಹಕಾರ ಸಂಘ ಮಾಡಿಕೊಂಡರೆ ಹೊರಬಹುದು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನ ಕೊಡುತ್ತಿದ್ದೀರಿ, ಅದು ದೊಡ್ಡ ಸೇವೆ. ಅದರೊಂದಿಗೆ ರಜೆಯಲ್ಲಿ ಹದಿನೈದು ದಿನದ ಒಂದು ತರಗತಿ ನಡೆಸೋಣ. ಸಾಮಾನಿನ ಅಳತೆ, ತೂಕ, ಬಣ್ಣವನ್ನು ಸರಳ ಇಂಗ್ಲಿಷಿನಲ್ಲಿ ಬರೆಯುವುದು, ಡಾಲರನ್ನು ರೂಪಾಯಿಗೆ ಲೆಕ್ಕ ಹಾಕುವುದು, ಗಿರಾಕಿಗೆ ಅಂದೇ ಉತ್ತರ ಕೊಡುವುದು, ಇಷ್ಟನ್ನು ಕಲಿಸೋಣ. ಭಾಷೆಯ ಪಾಠಕ್ಕೆ ನಾನು ಬರುತ್ತೇನೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಗೊಣಗಬೇಡಿ. ಮೂರು ಭಾಷೆ ಎಂದರೆ ಮೂರು ಬಾಗಿಲು. ಆದರೆ ಆರ್ಡರ್ ಬಂತೆಂದು ಶಾಲೆ ಬಿಡಬೇಡಿ. ಇಂದು ರಾತ್ರಿ ಮನೆಗೆ ಹೋಗಿ, ತಂದೆತಾಯಿ ಮಾಡುವ ಒಂದು ವಸ್ತುವನ್ನು ಮುಂದಿಟ್ಟುಕೊಂಡು, ಅದರ ಬಗ್ಗೆ ಐದು ವಾಕ್ಯ ಬರೆಯಿರಿ. ಅದನ್ನು ನೋಡಿರದ ದೂರದ ಮನುಷ್ಯನಿಗೆ ಅರ್ಥವಾಗುವಂತಿರಲಿ. ನಾಳೆ ನನಗೆ ತಂದು ತೋರಿಸಿ, ತಿದ್ದಿಕೊಡುತ್ತೇನೆ. ಅಂದು ಆ ತಂದೆಗೆ ನಾನು ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ನೀವು ಬರೆಯಬೇಕು.