ಸೂತಕ ಬಿಟ್ಟ ಧರ್ಮಕ್ಕೆ ವಿಜ್ಞಾನದ ಭಯವೇಕೆ?

(ವರ್ತೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವರ್ತೂರು, ವೈಟ್‌ಫೀಲ್ಡ್ ಸುತ್ತ ಕಂಪ್ಯೂಟರ್ ಮುಂದೆ ಕುಳಿತು ಜಗತ್ತಿಗೆ ಲೆಕ್ಕ ಹಾಕಿಕೊಡುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅಂಥ ಮನೆಗಳಲ್ಲೂ ಗ್ರಹಣದ ದಿನ ಒಲೆ ಹಚ್ಚುವುದಿಲ್ಲ, ನೀರಿಗೆ ದರ್ಭೆ ಹಾಕುತ್ತಾರೆ, ಬಸುರಿಯನ್ನು ಕೋಣೆಯೊಳಗೆ ಉಪವಾಸ ಕೂರಿಸುತ್ತಾರೆ. ಹೀಗೆ ಮಾಡುವವರ ಕೊರಳಲ್ಲೂ ಇಷ್ಟಲಿಂಗವಿದೆ. ನನ್ನನ್ನು ಕಾಡುವುದು ಇದೇ.

12ನೇ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ತೊಡೆದುಹಾಕಿದರು. ಹಾಗಿರುವಾಗ ಗ್ರಹಣದ ಸೂತಕ ನಮ್ಮ ಮನೆಗೆ ಯಾವ ಬಾಗಿಲಿನಿಂದ ಬಂತು?

ಗ್ರಹಣ ಯಾವಾಗ ಹಿಡಿಯುತ್ತದೆಂದು ಪಂಚಾಂಗವೂ ಹೇಳುತ್ತದೆ, ಖಗೋಳ ವಿಜ್ಞಾನಿಯೂ ಹೇಳುತ್ತಾರೆ. ಅದು ಗಣಿತ. ಸೂರ್ಯಗ್ರಹಣದಲ್ಲಿ ಚಂದ್ರನ ನೆರಳು ಭೂಮಿಯ ಮೇಲೆ ಹಾದುಹೋಗುತ್ತದೆ, ಅಷ್ಟೆ. ಆ ನೆರಳಿನಿಂದ ಅನ್ನ ಕೆಡುತ್ತದೆ ಎಂಬುದು ಯಾವ ಗಣಿತದಲ್ಲೂ ಇಲ್ಲ. ಅದನ್ನು ಸೇರಿಸಿದ್ದು ಭಯ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು ಎಂಬ ಎಚ್ಚರವೊಂದು ಸಾಕು.

ಭಯ ಎಲ್ಲಿಗೆ ಒಯ್ಯುತ್ತದೆ ನೋಡಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರು. ವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆ. ಹೆತ್ತವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರಶ್ನೆ ಕೇಳದ ನಂಬಿಕೆ ಆ ಪ್ರೀತಿಯ ಕೈಗೇ ಗುದ್ದಲಿ ಕೊಟ್ಟಿತು.

ಇದಕ್ಕೆ ವಿರುದ್ಧವಾದ ಚಾಳಿಯೊಂದೂ ನಮ್ಮಲ್ಲಿದೆ. ವಿಭೂತಿಯಲ್ಲಿ ಔಷಧಿ ಇದೆ, ಲಿಂಗದಲ್ಲಿ ವಿದ್ಯುತ್ ಶಕ್ತಿ ಇದೆ ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಇಷ್ಟಲಿಂಗಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟ್ ಯಾಕೆ ಬೇಕು? ನಾಳೆ ಆ ಮಾತು ಸುಳ್ಳೆಂದು ತೋರಿದರೆ ಲಿಂಗವನ್ನು ತೆಗೆದಿಡುತ್ತೀರಾ? ಅದು ಅರಿವಿನ ಕುರುಹು. ಎಲ್ಲರೂ ಸಮಾನರೆಂದು ನೆನಪಿಸುವ ಕುರುಹು. ಅಷ್ಟು ಸಾಲದೇ?

ಹಾಗಾದರೆ ವಿಜ್ಞಾನವೊಂದೇ ಸಾಕೇ ಎಂದು ಯುವಕರು ಕೇಳಬಹುದು. ಉತ್ತರ ನಮ್ಮ ವರ್ತೂರು ಕೆರೆಯಲ್ಲಿದೆ. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿ ಬಂದದ್ದು ನಿಮಗೆ ನೆನಪಿದೆ. ಶುದ್ಧೀಕರಿಸದ ಕೊಳಚೆ ನೀರು, ಅದರಲ್ಲಿನ ಸೋಪಿನ ಪುಡಿಯ ರಾಸಾಯನಿಕ, ಫಾಸ್ಫೇಟ್ ಕಾರಣವೆಂದು ವಿಜ್ಞಾನಿಗಳು ವಿವರಿಸಿದರು. ಕಾರಣ ತಿಳಿಯಿತು; ಹಾಗೆಂದು ಕೊಳಚೆ ನಿಂತಿತೇ? ತಿಳಿದದ್ದನ್ನು ನಡೆಗೆ ತರುವುದಕ್ಕೆ ಮನಸ್ಸು ಬೇಕು. ಆ ಮನಸ್ಸನ್ನು ಕೊಡುವುದು ಧರ್ಮದ ಕೆಲಸ. ಪಾದೋದಕವೆಂದು ನೀರನ್ನು ಕಣ್ಣಿಗೊತ್ತಿಕೊಳ್ಳುವ ನಾವು, ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಕೇಳದಿದ್ದರೆ ಆ ಭಕ್ತಿ ಅರ್ಧವೇ.

ಜಗತ್ತು ಹೇಗೆ ನಡೆಯುತ್ತದೆಂದು ವಿಜ್ಞಾನ ಹೇಳಲಿ. ತಪ್ಪೆಂದು ತೋರಿಸಿದ್ದನ್ನು ನಾಚದೆ ಬಿಡೋಣ. ಆ ಜಗತ್ತಿನಲ್ಲಿ ನಾವು ಹೇಗೆ ನಡೆಯಬೇಕೆಂದು ಶರಣರ ದಾರಿ ಹೇಳಲಿ.

ಕೊನೆಗೆ ಎರಡು ಬಿನ್ನಹ. ಮುಂದಿನ ಗ್ರಹಣದಂದು ನಿಮ್ಮ ಮನೆಯಲ್ಲಿ ಒಲೆ ಉರಿಯಲಿ, ಬಸುರಿ ಹೆಣ್ಣುಮಗಳಿಗೆ ಮೊದಲು ಪ್ರಸಾದ ಬಡಿಸಿ. ಮುಂದಿನ ಅಪಾರ್ಟ್‌ಮೆಂಟ್ ಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಕೊಳಚೆ ನೀರು ಶುದ್ಧವಾಗಿ ಹೊರಗೆ ಹೋಗುತ್ತಿದೆಯೇ? ಎರಡೂ ಲಿಂಗಪೂಜೆಯೇ ಎಂದು ನಾನು ನಂಬಿದ್ದೇನೆ.