ಕಾಣುವುದು ಕಣ್ಣೋ, ಮಿದುಳೋ?

ಪಡೀಲಿನ ಮಂಗಳೂರು ಜಂಕ್ಷನ್ ನಿಲ್ದಾಣದಲ್ಲಿ, ನಿಂತ ರೈಲಿನ ಕಿಟಕಿಯ ಬಳಿ ಕುಳಿತಿದ್ದೀರಿ ಎನ್ನಿ. ಪಕ್ಕದ ಹಳಿಯ ಗಾಡಿ ಮೆಲ್ಲನೆ ಸರಿಯುತ್ತದೆ. ನಮ್ಮ ಗಾಡಿಯೇ ಹೊರಟಿತೆಂದು ಹಿಗ್ಗುತ್ತೀರಿ. ಅದು ದಾಟಿದ ಮೇಲೆ ನೋಡಿದರೆ, ನೀವು ಇದ್ದಲ್ಲೇ ಇದ್ದೀರಿ! ಕಣ್ಣು ಸುಳ್ಳು ಹೇಳಲಿಲ್ಲ. ಅದು ತಿಳಿಸಿದ್ದು ಚಲನೆಯನ್ನಷ್ಟೆ. ಚಲಿಸಿದವರು ಯಾರೆಂಬ ತೀರ್ಮಾನ ಮಿದುಳಿನದು.

ಕಣ್ಣಿನ ಒಳಪರದೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವ ಸಂಕೇತಗಳನ್ನು, ಒಂದೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ನರತಂತುಗಳು ಒಯ್ಯುತ್ತವೆ. ಹೆಚ್ಚಿನ ಸಂಕೇತಗಳು ತಲೆಯ ಹಿಂಭಾಗದ ದೃಷ್ಟಿಕೇಂದ್ರವನ್ನು ಸೇರುತ್ತವೆ. ಕೆಲವು ಬೇರೆ ಒಳದಾರಿ ಹಿಡಿಯುತ್ತವೆ.

ಆ ಕೇಂದ್ರವೇ ಇಲ್ಲವಾದರೆ? 1974ರಲ್ಲಿ ಇಂಗ್ಲೆಂಡಿನ ವೈಸ್‌ಕ್ರಾಂಟ್ಸ್ ಮತ್ತು ಸಂಗಡಿಗರು ಒಂದು ಸೋಜಿಗವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಬಲಗಡೆಯ ದೃಷ್ಟಿಕೇಂದ್ರವನ್ನು ಕಳೆದುಕೊಂಡ ರೋಗಿಯೊಬ್ಬ, ಎಡಬದಿಯಲ್ಲಿ ತನಗೇನೂ ಕಾಣದೆನ್ನುತ್ತಿದ್ದ. ಊಹಿಸಿಯಾದರೂ ತೋರಿಸೆಂದಾಗ, ಬೆಳಕಿದ್ದ ಕಡೆಗೇ ಬಹುಮಟ್ಟಿಗೆ ಕೈ ಚಾಚಿದ! ನೋಟವಿತ್ತು, ನೋಡಿದೆನೆಂಬ ಅರಿವಿರಲಿಲ್ಲ. ಅಂದಮೇಲೆ ನೋಟ ಬೇರೆ, ಅರಿವು ಬೇರೆ. ನರಗಳ ಮಿಡಿತ ದಾಸವಾಳದ ಕೆಂಪಾಗಿ ನಮ್ಮ ಅನುಭವಕ್ಕೆ ಬರುವುದು ಹೇಗೆಂಬುದು ಇಂದಿಗೂ ಬಿಡಿಸದ ಒಗಟು.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಒಂದೇ ಬದಿಯಲ್ಲಿ ಬಾಗಿಲಿಗೆ ತಾಗತೊಡಗಿದರೆ, ಬಟ್ಟಲಿನ ಒಂದು ಬದಿಯ ಅನ್ನವನ್ನು ಹಾಗೆಯೇ ಬಿಟ್ಟೆದ್ದರೆ, ಅಜಾಗ್ರತೆಯೆಂದು ಗದರಬೇಡಿ. ಕನ್ನಡಕದ ಅಂಗಡಿಗೂ ಓಡಬೇಡಿ. ಕೆಟ್ಟಿರುವುದು ಕಣ್ಣಾಗಿರಲಾರದು, ಮಿದುಳಿಗೆ ರಕ್ತದ ಸರಬರಾಜು ನಿಂತಿರಬಹುದು. ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರು ಕಾಣದ್ದನ್ನು ಆಗ ನೀವು ಕಾಣಬೇಕು.